ಪೊಟ್ಟಣದ ಮೇಲಿನ ಕೂಟಲೇಖ

ಸತ್ಯಾಣುವ್ರತದ ಅತಿಚಾರಗಳು ಐದೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿರುವರು. ಅವುಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ವಂಚನೆಯ ನಿಮಿತ್ತವಾಗಿ ಬರೆಯುವುದೆಂದು ಅದರ ಅರ್ಥ. ಸಾಲಪತ್ರ, ಸಾಕ್ಷಿಪತ್ರಗಳಿಗೆ ಮಾತ್ರ ಇದು ಅನ್ವಯಿಸುವುದೆಂದು ಶ್ರಾವಕರು ಸಾಮಾನ್ಯವಾಗಿ ತಿಳಿದಿರುವರು. ಆದರೆ ಇಂದು ಮನೆಮನೆಯಲ್ಲಿ ನಿತ್ಯವೂ ಓದಲ್ಪಡುವ ಲೇಖವು ಆಹಾರದ ಪೊಟ್ಟಣದ ಮೇಲಿರುವುದು.

ಕಡಲೆಕಾಯಿ ಎಣ್ಣೆಯ ಡಬ್ಬಿಯ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದು ದಪ್ಪಕ್ಷರಗಳಿರುವುವು. ಕೊಲೆಸ್ಟರಾಲ್ ಪ್ರಾಣಿಜನ್ಯ ಪದಾರ್ಥಗಳಲ್ಲಿರುವಂಥದು. ಊರ ಗಾಣದ ಎಣ್ಣೆಯಲ್ಲಿಯೂ ಅದು ಗಣನೆಗೆ ಬರುವಷ್ಟು ಎಂದೂ ಇರಲಿಲ್ಲ. ಮಾತು ಸುಳ್ಳಲ್ಲ. ಆದರೂ ಅದನ್ನು ನಂಬಿದ ಗೃಹಿಣಿಯು ಹೃದಯಕ್ಕೆ ಹಿತವೆಂದು ಕೈಬಿಚ್ಚಿ ಸುರಿಯುವಳು. 100 ಗ್ರಾಂ ಎಣ್ಣೆಯಲ್ಲಿ ಸುಮಾರು 900 ಕಿಲೊಕ್ಯಾಲೊರಿಗಳು ಇದ್ದಂತೆಯೇ ಇರುವುವು.

ಪಾರಣೆಯ ಸಂಗತಿ ಇದಕ್ಕಿಂತ ಗಂಭೀರವಾದುದು. ದಶಲಕ್ಷಣ ಪರ್ವದಲ್ಲಿ ಉಪವಾಸವಿದ್ದ ಮಧುಮೇಹಿ ಹಿರಿಯರಿಗೆ ‘ಸಕ್ಕರೆ ಸೇರಿಸಿಲ್ಲ’ ಎಂಬ ಹಣ್ಣಿನ ರಸವನ್ನು ಮಕ್ಕಳು ಭಕ್ತಿಯಿಂದಲೇ ಕೊಡುವರು. ಹೊರಗಿನಿಂದ ಸೇರಿಸಿಲ್ಲ, ನಿಜ. ಹಣ್ಣಿನದೇ ಸಕ್ಕರೆ 200 ಮಿಲಿಲೀಟರಿನಲ್ಲಿ ಸುಮಾರು 20 ಗ್ರಾಂ, ಅಂದರೆ ನಾಲ್ಕೈದು ಚಮಚದಷ್ಟು, ಬರಿಹೊಟ್ಟೆಗೆ ಇಳಿಯುವುದು. ಸಾಂದ್ರರಸಕ್ಕೆ ನೀರು ಬೆರೆಸಿ ತಯಾರಿಸಿದುದನ್ನು ‘ನೂರಕ್ಕೆ ನೂರು ಹಣ್ಣಿನ ರಸ’ ಎಂದು ಸಾರಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2024ರ ಜೂನ್‌ನಲ್ಲಿ ಆದೇಶಿಸಬೇಕಾಯಿತು.

ಯಂತ್ರಗಳೂ ಹಿಂದುಳಿದಿಲ್ಲ. ನೀರನ್ನು ಕ್ಷಾರಗೊಳಿಸಿ ರಕ್ತದ ಆಮ್ಲವನ್ನು ಕಳೆಯುವೆನೆಂಬ ಯಂತ್ರವೊಂದು ಅಡುಗೆಮನೆಯ ಗೋಡೆಯನ್ನೇರಿದೆ. ಕುಡಿದ ನೀರು ಮೊದಲು ಸೇರುವುದು ಜಠರದ ತೀವ್ರ ಆಮ್ಲವನ್ನು. ರಕ್ತದ ಪಿಎಚ್ ಅಂಕವನ್ನು 7.35ರಿಂದ 7.45ರೊಳಗೆ ಕಾಯುವುವು ಶ್ವಾಸಕೋಶಗಳೂ ಮೂತ್ರಪಿಂಡಗಳೂ. (ಯಂತ್ರ ಬಂದ ಮನೆಯಲ್ಲಿ ನೀರು ಸೋಸುವ ಬಟ್ಟೆ ಮೂಲೆ ಸೇರುವುದೂ ಉಂಟು, ಅದು ಬೇರೆಯೇ ಮಾತು.)

ಇನ್ನು ಅಂಗಡಿಯ ಗದ್ದಿಗೆಯ ಮೇಲೆ ಕುಳಿತವನು ಅನೇಕ ವೇಳೆ ಶ್ರಾವಕನೇ. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಮಾಡುವನು. ಮರುದಿನ ಅದೇ ಬಾಯಿಂದ, ‘ಇದು ಸಕ್ಕರೆ ಕಾಯಿಲೆಗೆ ಒಳ್ಳೆಯದು, ಡಬ್ಬಿಯ ಮೇಲೆಯೇ ಬರೆದಿದೆ’ ಎನ್ನುವನು. ಬರೆದವನು ಕಾರ್ಖಾನೆಯವನು, ತಾನಲ್ಲ ಎಂಬುದು ಅವನ ಸಮಾಧಾನ. ಕೃತ, ಕಾರಿತ, ಅನುಮತ ಎಂಬ ಮೂರರಲ್ಲಿ ಅವನು ಕೊನೆಯದರಿಂದಲೂ ಪಾರಾಗಲಾರನು. ಲಾಭವಂತೂ ಅವನ ಗಲ್ಲಾಕ್ಕೇ ಬೀಳುವುದು. ಪಾರಣೆಗೆಂದು ರಸ ಕೇಳಿದ ಹಿರಿಯರಿಗೆ ಡಬ್ಬಿಯನ್ನು ಹಿಂದೆ ತಿರುಗಿಸಿ, ಆ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿ, ‘ಮನೆಯಲ್ಲಿ ಹೆಸರುಬೇಳೆಯ ಕಟ್ಟು ಮಾಡಿಸಿಕೊಳ್ಳಿರಿ’ ಎಂದರೆ ಅಂದಿನ ವ್ಯಾಪಾರದಲ್ಲಿ ಕೆಲವು ರೂಪಾಯಿ ಕಡಿಮೆಯಾಗುವುದು.