ಹಿಮ್ಮುಖ

ಮುಂಜಾವಿನ ಮಂಜು ಇನ್ನೂ ನೀರಿನ ಮೇಲಿದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಲೇನಿಯರ್ ಸರೋವರ. ಚ್ಯಾಟಹೂಚಿ ನದಿಗೆ ಬ್ಯೂಫರ್ಡ್ ಅಣೆಕಟ್ಟು 1956ರಲ್ಲಿ ಪೂರ್ಣಗೊಂಡ ಮೇಲೆ ಈ ಜಲರಾಶಿ ಮೈದುಂಬಿತು. ಅದೇ ನದಿಯನ್ನು ಕುರಿತು ಕವಿತೆ ಬರೆದ ಸಿಡ್ನಿ ಲೇನಿಯರ್ ಅವರ ಹೆಸರು ಇದಕ್ಕೆ ನಿಂತಿತು. ಹೆಸರು ಕವಿಯದು, ಮೇಲ್ವಿಚಾರಣೆ ಸೇನೆಯ ಎಂಜಿನಿಯರುಗಳದು. ಅಪರೂಪದ ಸಹವಾಸ. ಕೆಮ್ಮಣ್ಣಿನ ದಡವನ್ನು ಸೀಳಿ ಕಾಂಕ್ರೀಟಿನ ಇಳಿಜಾರೊಂದು ನೀರಿನೊಳಗೆ ಮರೆಯಾಗುತ್ತದೆ. ಬೇಸಿಗೆಯ ಶನಿವಾರ, ಅದರೆದುರು ವಾಹನಗಳ ಸರದಿ. ದೈತ್ಯ ಪಿಕಪ್ ಟ್ರಕ್ಕುಗಳ ನಡುವೆ ಸಾಧಾರಣ ಕಾರೊಂದಿದೆ, ದಿನವೂ ಕಚೇರಿಗೆ ಹೋಗಿಬರುವಂಥದು. ಅದರ ಬೆನ್ನಿಗೆ ಪುಟ್ಟ ಟ್ರೇಲರ್. ಟ್ರೇಲರಿನ ಮೇಲೆ ಒಂದು ಜೆಟ್ ಸ್ಕೀ, ನೀರಿನ ಮೇಲೆ ಓಡುವ ಬೈಕು.

ಇಲ್ಲಿಯ ತನಕದ ಪಯಣ ಸುಗಮವಾಗಿತ್ತು. ಲೆಕ್ಕವೆಲ್ಲ ಮನೆಯಲ್ಲೇ ಮುಗಿದಿತ್ತು. ಹಗುರ ಮಾದರಿಯ ಜೆಟ್ ಸ್ಕೀ ಸುಮಾರು 200 ಕಿಲೋ, ಟ್ರೇಲರಿನದು ನೂರಕ್ಕೆ ಮೇಲೆ. ಈ ದೇಶದ ಹಲವು ಚಿಕ್ಕ ಕಾರುಗಳ ಕೈಪಿಡಿ 450 ಕಿಲೋ ತನಕ ಎಳೆಯಬಹುದು ಎನ್ನುತ್ತದೆ. ಇನ್ನು ಕೆಲವು, ಏನನ್ನೂ ಎಳೆಯಬೇಡಿ ಎನ್ನುತ್ತವೆ. ಅಂಥದೇ ಕಾರಿಗೆ ಯುರೋಪಿನಲ್ಲಿ ಹೆಚ್ಚಿನ ಭಾರಕ್ಕೆ ಅನುಮತಿ ಇರುವುದೂ ಉಂಟು. ಸಾಮರ್ಥ್ಯವೂ ದೇಶಾಚಾರಕ್ಕೆ ಒಳಪಟ್ಟದ್ದೇನೋ! ಒಟ್ಟು ಭಾರದಲ್ಲಿ ಶೇಕಡ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು. ಕಡಿಮೆಯಾದರೆ ಟ್ರೇಲರ್ ಹೆದ್ದಾರಿಯಲ್ಲಿ ಬಾಲ ಬೀಸುತ್ತದೆ. ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲುತ್ತದೆ. ಇವೆಲ್ಲ ಅಳತೆಗೆ ಸಿಗುವ ಸಂಗತಿಗಳು.

ತೊಡಕು ಹಿಂದಕ್ಕೆ ಸರಿಯುವಾಗ. ನೀರಿಗಿಳಿಸುವುದೆಂದರೆ ಹಿಮ್ಮುಖವಾಗಿ ಇಳಿಯುವುದು, ಬೇರೆ ದಾರಿಯಿಲ್ಲ. ಟ್ರೇಲರ್ ಎಡಕ್ಕೆ ಹೊರಳಬೇಕಾದರೆ ಸ್ಟಿಯರಿಂಗ್ ಬಲಕ್ಕೆ ತಿರುಗಬೇಕು. ಬಲಕ್ಕೆ ಬೇಕಾದರೆ ಎಡಕ್ಕೆ. ಬುದ್ಧಿಗೆ ಇದು ಕ್ಷಣದಲ್ಲಿ ತಿಳಿಯುತ್ತದೆ, ಕೈಗೆ ತಿಳಿಯುವುದಿಲ್ಲ. ಚಿಕ್ಕ ಟ್ರೇಲರ್ ಸುಲಭವೆಂದು ನಾವು ಭಾವಿಸುತ್ತೇವೆ. ವಾಸ್ತವ ವಿಪರೀತ. ಕೊಂಡಿಗೂ ಚಕ್ರಕ್ಕೂ ನಡುವೆ ಅಂತರ ಕಿರಿದಾದಷ್ಟೂ ಅದು ಬೇಗ ಹೊರಳುತ್ತದೆ. ದೊಡ್ಡ ದೋಣಿಯ ಉದ್ದನೆಯ ಟ್ರೇಲರ್ ನಿಧಾನವಾಗಿ ದಾರಿ ತಪ್ಪುತ್ತದೆ, ತಿದ್ದಿಕೊಳ್ಳಲು ಬಿಡುವು ಕೊಡುತ್ತದೆ. ಇದು ಹಾಗಲ್ಲ, ನೋಡನೋಡುತ್ತಿದ್ದಂತೆ ಅಡಕತ್ತರಿಯಂತೆ ಮಡಚಿಕೊಳ್ಳುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಕಾರಿಗಿಂತ ಕಿರಿದಾದ ಟ್ರೇಲರ್ ನೆಟ್ಟಗಿರುವಷ್ಟು ಹೊತ್ತು ಪಕ್ಕದ ಕನ್ನಡಿಗಳಲ್ಲಿ ಕಾಣುವುದೇ ಇಲ್ಲ. ಕಂಡಿತೆಂದರೆ ಆಗಲೇ ಓರೆಯಾಗಿದೆ. ಅದಕ್ಕೇ ಬಲ್ಲವರು ಅದರ ಎರಡೂ ಅಂಚಿಗೆ ಒಂದೊಂದು ಕೋಲು ನಿಲ್ಲಿಸಿ, ತುದಿಗೆ ಬಣ್ಣದ ಬಟ್ಟೆ ಕಟ್ಟಿರುತ್ತಾರೆ.

ಮುಂದಕ್ಕೆ ಚಲಿಸುವಾಗ ಇದೇ ಟ್ರೇಲರ್ ಎಷ್ಟು ವಿಧೇಯ! ಎಷ್ಟೇ ಓರೆಯಾಗಿರಲಿ, ನಾಲ್ಕಾರು ಮಾರು ನೇರ ಎಳೆದರೆ ತಾನೇ ಸಾಲಿಗೆ ಬರುತ್ತದೆ. ಎಳೆದಾಗ ದೋಷ ಕ್ಷೀಣಿಸುತ್ತದೆ. ತಳ್ಳಿದಾಗ ದೋಷ ವರ್ಧಿಸುತ್ತದೆ. ಅಂಗೈಯ ಮೇಲೆ ನಿಲ್ಲಿಸಿದ ಕೋಲಿನ ಸ್ಥಿತಿಯೂ ಇದೇ. ಅದನ್ನು ಒಮ್ಮೆ ನಿಲ್ಲಿಸಿ ಸುಮ್ಮನಿರುವಂತಿಲ್ಲ. ಅದು ಬೀಳುವ ಮುನ್ನವೇ, ವಾಲುವ ಕಡೆಗೇ, ಅಂಗೈ ಮೆಲ್ಲನೆ ಸರಿಯಬೇಕು. ಕಬ್ಬು ತುಂಬಿದ ಟ್ರೇಲರನ್ನು ಇಕ್ಕಟ್ಟಿನ ಓಣಿಯಲ್ಲಿ ಹಿಂದಕ್ಕೆ ಸರಿಸುವ ನಮ್ಮ ಮಂಡ್ಯದ ಟ್ರಾಕ್ಟರ್ ಚಾಲಕನ ಭುಜಕ್ಕೆ ಈ ತತ್ತ್ವ ಕರಗತ. ಹೇಳಿ ಎಂದರೆ ಅವನು ನಗುತ್ತಾನೆ, ಅಷ್ಟೆ.

ನಮ್ಮ ಬದುಕಿನಲ್ಲಿಯೂ ಹಿಂದಕ್ಕೆ ಸರಿಯಲೇಬೇಕಾದ ಪ್ರಸಂಗಗಳಿವೆ. ವರ್ಷಗಳ ಹಿಂದೆ ಮಾತು ಬಿಟ್ಟ ಅಣ್ಣನ ಮನೆಗೆ ನಾವು ಹೋಗುತ್ತೇವೆ. ಹಳೆಯದನ್ನು ಸರಿಪಡಿಸುವ ಸಂಕಲ್ಪ ಶುದ್ಧವಾಗಿಯೇ ಇರುತ್ತದೆ. ಆದರೆ ಎಡಕ್ಕೆಂದು ಆಡಿದ ಮಾತು ಬಲಕ್ಕೆ ಹೋಗುತ್ತದೆ. ಅದನ್ನು ನೇರಗೊಳಿಸಲು ಒಂದು ವಿವರಣೆ ಕೊಡುತ್ತೇವೆ. ಆ ವಿವರಣೆಗೆ ಮತ್ತೊಂದು ವಿವರಣೆ. ತಿರುಗಿಸಿದಷ್ಟೂ ಕೋನ ಕಿರಿದಾಗುತ್ತದೆ. ಕಡೆಗೆ ಇಬ್ಬರೂ ಮಡಚಿಕೊಂಡು ಕೂರುತ್ತೇವೆ. ನಮ್ಮಲ್ಲಿ ಯಾರೂ ಇದಕ್ಕೆ ಹೊರತಲ್ಲ. ದೋಷ ಸಣ್ಣದಿದ್ದಾಗ ನಮಗೆ ಕಾಣಲಿಲ್ಲ. ಕಂಡಾಗ ಕೈ ಗಾಬರಿಗೊಂಡಿತ್ತು.

ಇಂಥ ಗಳಿಗೆಗೆ ಸರೋವರದ ದಡದಲ್ಲಿ ಒಂದು ಉಪಾಯವಿದೆ, ಅತಿ ಸರಳವಾದದ್ದು. ಇನ್ನಷ್ಟು ತಿರುಗಿಸುವುದಲ್ಲ. ನಿಲ್ಲಿಸುವುದು; ತುಸು ಮುಂದೆ ಎಳೆಯುವುದು; ಎರಡೂ ಒಂದೇ ಸಾಲಿಗೆ ಬಂದ ಮೇಲೆ ಮತ್ತೆ ಆರಂಭಿಸುವುದು. ಅಣ್ಣನ ಮನೆಯಲ್ಲಾದರೆ ಮಳೆಯ ವಿಷಯ ಕೇಳಬಹುದು, ಅತ್ತಿಗೆ ಕೊಟ್ಟ ಕಾಫಿ ಕುಡಿಯಬಹುದು, ಹಿತ್ತಿಲಿನ ಹಲಸಿನ ಮರದ ತನಕ ಜೊತೆಯಾಗಿ ನಡೆಯಬಹುದು. ಇದನ್ನು ಪಲಾಯನವೆಂದು ನಾವು ಅಪಾರ್ಥ ಮಾಡಿಕೊಳ್ಳುತ್ತೇವೆ. ಟ್ರೇಲರಿನ ಮಟ್ಟಿಗಂತೂ ಇದು ಸೋಲಲ್ಲ. ನುರಿತವರೂ ದಿನಕ್ಕೆ ಹತ್ತು ಸಲ ಹೀಗೆ ಮಾಡುತ್ತಾರೆ. ಕಲಿಯುವವರಿಗೆ ಅವರು ಹೇಳಿಕೊಡುವ ಇನ್ನೊಂದು ಗುಟ್ಟು: ಕೈಯನ್ನು ಸ್ಟಿಯರಿಂಗಿನ ತಳಭಾಗದಲ್ಲಿಡಿ. ಆಗ ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯೂ ಆ ಕಡೆಗೇ ಸರಿದರೆ ಸಾಕು. ಚಕ್ರದ ಧರ್ಮ ಬದಲಾಗಲಿಲ್ಲ. ಹಿಡಿತದ ಸ್ಥಾನ ಕೆಳಗಿಳಿಯಿತು.

ಕಾರಿನ ಮನುಷ್ಯ ಮೂರು ಸಲ ಹಿಂದಕ್ಕೆ ಸರಿದು, ಮೂರು ಸಲವೂ ಓರೆಯಾದ. ಉಳಿದ ಸಿದ್ಧತೆಯಲ್ಲಿ ಅವನು ಕೊರತೆ ಮಾಡಿರಲಿಲ್ಲ. ಬದಿಯಲ್ಲೇ ನಿಂತು ಹಿಂದಿನ ಪಟ್ಟಿಗಳನ್ನು ಬಿಚ್ಚಿದ್ದ, ಜೆಟ್ ಸ್ಕೀಯ ತಳದ ಬಿರಡೆ ಬಿಗಿದಿದ್ದ, ಟ್ರೇಲರಿನ ದೀಪದ ತಂತಿ ಕಳಚಿದ್ದ. ಅವನದು ಮುಂದಿನ ಚಕ್ರಗಳ ಬಲದಿಂದ ಓಡುವ ಕಾರು. ಏರುವಾಗ ಭಾರ ಹಿಂದಕ್ಕೆ ಜರುಗುತ್ತದೆ. ಒದ್ದೆ ಪಾಚಿಯ ಮೇಲೆ ನಿಂತರೆ ಆ ಚಕ್ರಗಳು ನಿಂತಲ್ಲೇ ಸುತ್ತುತ್ತವೆ. ಹೀಗಾಗಿ ಒಣ ಕಾಂಕ್ರೀಟು ಎಲ್ಲಿ ಮುಗಿಯುತ್ತದೆಂದು ಮೊದಲೇ ನಡೆದು ನೋಡಿಕೊಂಡಿದ್ದ. ನಾಲ್ಕನೆಯ ಯತ್ನಕ್ಕಾಗಿ ಕಾರನ್ನು ಮುಂದಕ್ಕೆಳೆದಾಗ ಅವನು ಕಿಟಕಿಯಿಂದ ಕೈ ಹೊರಚಾಚಿ, ಕ್ಷಮಿಸಿ ಎಂಬಂತೆ ಬೀಸಿದ. ಸರದಿಯಲ್ಲಿ ಅವನ ಹಿಂದೆಯೇ ನಿಂತಿದ್ದ ಟ್ರಕ್ಕಿನಾತ ತನ್ನ ಎಂಜಿನ್ ಆರಿಸಿ, ಕಾಫಿಯ ಲೋಟ ಕೈಗೆತ್ತಿಕೊಂಡ.