ಆ ತಳಮಳ ಯಾರದು?

ನಿಮ್ಮ ಮನೆಯ ಮಗು ವಿಡಿಯೊ ಆಟದಲ್ಲಿ ಮುಳುಗಿರುವಾಗ ಒಮ್ಮೆ ಅದರ ಧ್ವನಿಯನ್ನು ಪೂರ್ತಿಯಾಗಿ ಅಡಗಿಸಿ ನೋಡಿ. ಅದೇ ಚಿತ್ರ, ಅದೇ ಓಟ, ಅದೇ ಶತ್ರು. ಭಯ ಮಾತ್ರ ತಟ್ಟನೆ ಇಳಿದಿರುತ್ತದೆ. ಹಾಗಾದರೆ ಅಷ್ಟು ಹೊತ್ತು ಆ ಎದೆಯಲ್ಲಿದ್ದ ತಳಮಳ ಯಾರದು? ಮಗುವಿನದೋ, ಸಂಗೀತವನ್ನು ಹೊಸೆದವರದೋ?

1978ರಲ್ಲಿ ಜಪಾನಿನ ಟೈಟೊ ಸಂಸ್ಥೆ ಹೊರತಂದ ‘ಸ್ಪೇಸ್ ಇನ್‌ವೇಡರ್ಸ್’ ಆಟದ ಸಂಗೀತವೆಂದರೆ ನಾಲ್ಕೇ ನಾಲ್ಕು ಮಂದ್ರಸ್ವರಗಳು. ಶತ್ರುಗಳು ಕಡಿಮೆಯಾದಂತೆ ಉಳಿದವರ ನಡಿಗೆ ಚುರುಕಾಗುತ್ತದೆ, ಸ್ವರಗಳ ಬಡಿತವೂ ಚುರುಕಾಗುತ್ತದೆ. ಆಡುವವನ ಎದೆಬಡಿತವೂ ಅದರ ಬೆನ್ನುಹತ್ತುತ್ತದೆ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟಕ್ಕೆ ಕೋಜಿ ಕೊಂಡೊ ಕಟ್ಟಿದ ರಾಗವೂ ಸಮಯ ನೂರಕ್ಕಿಂತ ಕೆಳಗಿಳಿದೊಡನೆ ಅವಸರಪಡುತ್ತದೆ. 1991ರಲ್ಲಿ ‘ಮಂಕಿ ಐಲ್ಯಾಂಡ್ 2’ ಆಟಕ್ಕಾಗಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಇನ್ನೂ ಮುಂದೆ ಹೋದರು: ಆಟಗಾರ ಎಲ್ಲಿಗೆ ಕಾಲಿಟ್ಟನೋ ಅಲ್ಲಿಗೆ ತಕ್ಕಂತೆ ರಾಗವು ಎಲ್ಲಿಯೂ ತುಂಡಾಗದೆ ಹೊರಳುವ ವ್ಯವಸ್ಥೆಯನ್ನು ಅವರು ರೂಪಿಸಿದರು. ನಾವು ಸಂಗೀತವನ್ನು ಕೇಳುವುದಷ್ಟೇ ಅಲ್ಲ, ಸಂಗೀತವೂ ನಮ್ಮನ್ನು ಗಮನಿಸತೊಡಗಿತು.

ದಾವಣಗೆರೆಯವರಿಗೆ ಇದು ಹೊಸತೇನಲ್ಲ. ವೃತ್ತಿ ರಂಗಭೂಮಿಯ ಊರು ಇದು, ಚಿಂದೋಡಿ ಮನೆತನದ ನಾಟಕ ಕಂಪನಿಯ ಊರು. ಹಾರ್ಮೋನಿಯಂ ಮಾಸ್ತರು ರಂಗದ ಮುಂದೆ ಕುಳಿತು, ನಟಿಯ ಕಣ್ಣಂಚು ನೋಡಿಯೇ ಸ್ವರ ಹಿಡಿಯುತ್ತಿದ್ದರು. ಖಳನಾಯಕ ಹೆಜ್ಜೆಯಿಟ್ಟರೆ ತಬಲಾ ಗುಡುಗುತ್ತಿತ್ತು. ನಮ್ಮ ದೇವಾಲಯಗಳಲ್ಲೂ ಅಷ್ಟೆ. ಸೆಪ್ಟೆಂಬರ್ 8ರ ಹಬ್ಬದಂದು ಹರಿಹರದ ಆರೋಗ್ಯಮಾತೆಯ ಸನ್ನಿಧಿಯಲ್ಲಿ ಪರಮಪ್ರಸಾದದ ಸಾಲು ಬೆಳೆದಷ್ಟೂ ಗೀತೆ ಬೆಳೆಯುತ್ತದೆ. ಕೀಬೋರ್ಡ್ ನುಡಿಸುವವರ ಒಂದು ಕಣ್ಣು ಆ ಸಾಲಿನ ಮೇಲೆಯೇ ಇರುತ್ತದೆ. ಭಾವವನ್ನು ಹೊರಗಿನಿಂದ ಮೂಡಿಸುವುದೇ ತಪ್ಪೆಂದರೆ ಇವರೆಲ್ಲರೂ ತಪ್ಪಿತಸ್ಥರಾಗಬೇಕಾದೀತು. ಅಂತಹ ಮಾತನ್ನು ನಾನು ಒಪ್ಪಲಾರೆ.

ವ್ಯತ್ಯಾಸ ಬೇರೊಂದು ಕಡೆ ಇದೆ. ಹಾರ್ಮೋನಿಯಂ ಮಾಸ್ತರು ನಮ್ಮ ಕಣ್ಣೆದುರಿಗೇ ಇದ್ದರು. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಹಾಡು ಮತ್ತೆ ಬರುತ್ತಿತ್ತು. ಕೊನೆಗೆ ಅವರ ಬೆರಳೂ ದಣಿಯುತ್ತಿತ್ತು, ಪರದೆ ಬೀಳುತ್ತಿತ್ತು, ಎತ್ತಿನ ಬಂಡಿಯಲ್ಲಿ ಬಂದವರು ಊರಿಗೆ ಮರಳುತ್ತಿದ್ದರು. ಆಟದ ಸಂಗೀತಕ್ಕೆ ದಣಿವಿಲ್ಲ. ಸೋತೊಡನೆ ಅದೇ ರಾಗ ಮೊದಲಿನಿಂದ ಕರೆಯುತ್ತದೆ, ಆ ಕರೆ ಇಯರ್‌ಫೋನಿನೊಳಗೆ ಒಬ್ಬರಿಗೆ ಮಾತ್ರ ಕೇಳಿಸುತ್ತದೆ. ಪಕ್ಕದಲ್ಲೇ ಕುಳಿತ ತಾಯಿಗೆ ಮಗನ ಮುಖದ ಗಾಬರಿ ಕಾಣುತ್ತದೆ, ಕಾರಣ ಕೇಳಿಸುವುದಿಲ್ಲ.

ಸಂತ ಅಗಸ್ಟೀನರು ಸುಮಾರು ಕ್ರಿ.ಶ. 400ರ ಹೊತ್ತಿಗೆ ಬರೆದ ‘ಕನ್ಫೆಷನ್ಸ್’ ಗ್ರಂಥದ ಹತ್ತನೆಯ ಭಾಗದಲ್ಲಿ ಇದೇ ಸಂಕಟವಿದೆ. ಹಾಡಿನ ಅರ್ಥಕ್ಕಿಂತ ಹಾಡುವ ಇಂಪೇ ತಮ್ಮನ್ನು ಹೆಚ್ಚು ಕಲಕಿದಾಗ ಅವರು ಅದನ್ನು ಪಾಪವೆಂದೇ ಎಣಿಸುತ್ತಾರೆ. ಆದರೆ ಹೊಸದಾಗಿ ವಿಶ್ವಾಸಕ್ಕೆ ಬಂದ ದಿನಗಳಲ್ಲಿ ಅದೇ ಗಾನ ತರಿಸಿದ ಕಣ್ಣೀರನ್ನು ನೆನೆದು, ಸಭೆಯ ಗಾಯನವನ್ನು ಬಿಡಲಾರದೆ ಒಪ್ಪುತ್ತಾರೆ. ಆ ತೂಗಾಟವನ್ನು ಅವರು ಮುಚ್ಚಿಡದಿರುವುದೇ ನನಗೆ ಹೆಚ್ಚು ಇಷ್ಟ.

ಅವರು ಇಂದು ಇದ್ದಿದ್ದರೆ ‘ಬಾಬಾ ಯೇತು’ ಹಾಡಿಗೆ ಏನೆನ್ನುತ್ತಿದ್ದರೋ! ಪ್ರಭು ಕಲಿಸಿದ ಪ್ರಾರ್ಥನೆಯನ್ನೇ ಸ್ವಾಹಿಲಿ ಭಾಷೆಯಲ್ಲಿ ಕ್ರಿಸ್ಟೋಫರ್ ಟಿನ್ ಸಂಗೀತಕ್ಕೆ ಅಳವಡಿಸಿದ್ದು 2005ರ ‘ಸಿವಿಲೈಸೇಶನ್ 4’ ಎಂಬ ಆಟಕ್ಕಾಗಿ. 2011ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ವಿಡಿಯೊ ಆಟಕ್ಕೆಂದು ರಚಿತವಾದ ಸಂಗೀತಕ್ಕೆ ಸಂದ ಮೊದಲ ಗ್ರ್ಯಾಮಿ ಅದು. ನಗರ ಕಟ್ಟುವ, ಸೈನ್ಯ ಕಳಿಸಿ ನೆರೆರಾಜ್ಯ ಗೆಲ್ಲುವ ಆಟದ ಬಾಗಿಲಲ್ಲಿ ಆ ಪ್ರಾರ್ಥನೆ ಮೊಳಗುತ್ತದೆ. ಅದನ್ನು ಕೇಳಿ ಕಣ್ಣು ತೇವವಾದ ಯುವಕ ಪ್ರಾರ್ಥಿಸಿದನೆ? ಮುಂದಿನ ಗಳಿಗೆಯ ದಂಡಯಾತ್ರೆಗೆ ಹುರುಪು ಪಡೆದನೆ? ಎರಡೂ ಇರಬಹುದು. ಆತನೇ ಹೇಳಬೇಕು.

ಆದ್ದರಿಂದ ಮೊಬೈಲ್ ಕಿತ್ತುಕೊಳ್ಳುವ ಮೊದಲು, ಇಯರ್‌ಫೋನಿನ ಒಂದು ತುದಿಯನ್ನು ನೀವೂ ಕಿವಿಗಿಟ್ಟುಕೊಳ್ಳಿ. ರಾಗ ಎಲ್ಲಿ ಬದಲಾಗುತ್ತದೆ, ಬದಲಾದೊಡನೆ ನಿನಗೇನಾಗುತ್ತದೆ ಎಂದು ಮಗುವನ್ನೇ ಕೇಳಿ.