ಮೀಸೆಗೆ ಹತ್ತಿದ ಮಣ್ಣು

ಕುದುರೆಯಿಂದ ಬಿದ್ದವರಿಗೆ ಲೋಕ ಕೊಡುವ ಸಲಹೆ ಒಂದೇ: ಮಣ್ಣು ಕೊಡವಿಕೋ, ಕೂಡಲೇ ಮತ್ತೆ ಹತ್ತು. ಜನ್ಮದಲ್ಲಿ ಕುದುರೆಯ ಮೈ ಮುಟ್ಟದವರೂ ಇದನ್ನು ಧಾರಾಳವಾಗಿ ಹೇಳುತ್ತಾರೆ. ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೂ, ಅಂಗಡಿಗೆ ಬಾಗಿಲು ಹಾಕಿದ ಭಾವಮೈದುನನಿಗೂ, ವೇದಿಕೆಯ ಮೇಲಿನ ಭಾಷಣಕಾರರು ಇದೇ ಕುದುರೆಯನ್ನು ತಂದು ನಿಲ್ಲಿಸುತ್ತಾರೆ. ಹೇಳುವುದಕ್ಕೇನು, ಹತ್ತಬೇಕಾದವರು ಅವರಲ್ಲವಲ್ಲ. ಈ ಸಲಹೆಯಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧದ ಬಗ್ಗೆ ನನಗೆ ತಕರಾರಿದೆ.

ನಿಜವಾದ ಅರ್ಧವನ್ನು ಮೊದಲು ಮುಗಿಸೋಣ. ಹೆದರಿಸಿದ್ದರಿಂದ ದೂರ ಸರಿದಾಗ ಒಂದು ನೆಮ್ಮದಿ ಸಿಗುತ್ತದೆ. "ಇವತ್ತು ಮೈ ಸರಿಯಿಲ್ಲ, ಬರುವ ವಾರ ನೋಡೋಣ" ಎಂದಾಕ್ಷಣ ಎದೆ ಹಗುರಾಗುತ್ತದಲ್ಲ, ಅದು. ದೂರ ಉಳಿದದ್ದಕ್ಕೆ ಇಂಥ ಬಹುಮಾನ ಸಿಕ್ಕಿದ ಮೇಲೆ ಮನಸ್ಸು ಮುಂದಿನ ವಾರವೂ ದೂರವೇ ಉಳಿಯುತ್ತದೆ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಪುಕ್ಕಟೆ ಸವಾರಿ ಬಯಸುವ ಸೋಮಾರಿಗಳಿಗಾಗಿ ಹುಟ್ಟಿದ್ದು. ಬಿದ್ದವರ ವಿಷಯದಲ್ಲಿ ಅದು ತಿರುವುಮುರುವಾಗಿ ನಿಜವಾಗುತ್ತದೆ. ಮನೆಯಿಂದ ಹೊರಟಾಗ ನೆಟ್ಟಗಿದ್ದ ಕಾಲು ಲಾಯದ ಬಾಗಿಲಲ್ಲಿ ನೋಯತೊಡಗುತ್ತದೆ. ಹತ್ತುವುದಕ್ಕೆ ನೆಪವಾಗಿ ಅಲ್ಲ, ಹತ್ತದೆ ಇರುವುದಕ್ಕೆ. ಹಾಗಾಗಿ ಬಹಳ ಕಾಲ ತಳ್ಳಿಕೊಂಡು ಹೋಗಬಾರದು ಎನ್ನುವುದು ಸರಿಯೇ.

ತಕರಾರು ಇರುವುದು "ಕೂಡಲೇ" ಎಂಬುದರಲ್ಲಿ. 1960ರ ರೋಮ್ ಒಲಿಂಪಿಕ್ಸ್‌ನ ಕಥೆಯೊಂದನ್ನು ಕುದುರೆ ಲೋಕದಲ್ಲಿ ಇಂದಿಗೂ ಹೇಳುತ್ತಾರೆ. ಆಸ್ಟ್ರೇಲಿಯಾದ ಬಿಲ್ ರಾಯ್‌ಕ್ರಾಫ್ಟ್, ವಯಸ್ಸು 45, ಈವೆಂಟಿಂಗ್ ಎಂಬ ಹಲವು ಹಂತಗಳ ಸವಾರಿ ಸ್ಪರ್ಧೆಯ ಕ್ರಾಸ್ ಕಂಟ್ರಿ ಹಂತದಲ್ಲಿ ಕುದುರೆಯ ಸಮೇತ ಉರುಳಿಬಿದ್ದರು. ಕೊರಳೆಲುಬು ಮುರಿದಿತ್ತು. ಹಾಗೆಯೇ ಹತ್ತಿ ಆ ಹಂತ ಮುಗಿಸಿ ಆಸ್ಪತ್ರೆ ಸೇರಿದರು. ಮರುದಿನ ಜಿಗಿತದ ಸುತ್ತಿಗೆ ಅವರಿಲ್ಲದಿದ್ದರೆ ತಂಡದ ಲೆಕ್ಕ ತಪ್ಪುತ್ತಿತ್ತು. ಹಾಸಿಗೆಯಿಂದ ಎದ್ದು ಬಂದರು. ಬಟ್ಟೆ ತೊಡಿಸುವುದಕ್ಕೂ ಜೊತೆಯವರು ಬೇಕಾಯಿತು. ಒಂದು ಅಡ್ಡಗಂಬವನ್ನೂ ಬೀಳಿಸದೆ ಸುತ್ತು ಮುಗಿಸಿದರು, ಆಸ್ಟ್ರೇಲಿಯಾಕ್ಕೆ ಚಿನ್ನ ಬಂತು. ಕೇಳುವಾಗ ರೋಮಾಂಚನವಾಗುತ್ತದೆ, ನಿಜ. ಆದರೆ ಅವರು ಕಳೆದುಹೋದ ಆತ್ಮವಿಶ್ವಾಸವನ್ನು ಹುಡುಕಿಕೊಂಡು ಹತ್ತಿದವರಲ್ಲ. ಅದು ಅವರಲ್ಲಿ ಅಲುಗಾಡಿರಲೇ ಇಲ್ಲ. ಅಂಥವರ ಕಥೆಯನ್ನು ಕೈಕಾಲು ನಡುಗುತ್ತಿರುವವರ ಮುಂದೆ ಇಟ್ಟು ಪ್ರಯೋಜನವೇನು?

ಇಂದಿನ ನಿಯಮದಲ್ಲಿ ಈ ಕಥೆ ನಡೆಯುವಂತೆಯೇ ಇಲ್ಲ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದರಲ್ಲ, ಅದೇ ಈವೆಂಟಿಂಗ್‌ನಲ್ಲಿ ಈಗ ಕ್ರಾಸ್ ಕಂಟ್ರಿ ಹಂತದಲ್ಲಿ ಸವಾರ ಬಿದ್ದರೆ ಅಲ್ಲಿಗೆ ಸ್ಪರ್ಧೆ ಮುಗಿಯಿತು. ವೈದ್ಯರು ನೋಡಿದ ಮೇಲೆಯೇ ಇನ್ನೊಂದು ಕುದುರೆ. ಏಟಿನ ಬಿಸಿಯಲ್ಲಿ ನೋವು ಗೊತ್ತಾಗುವುದಿಲ್ಲ. ತಲೆಗೆ ಪೆಟ್ಟಾದವನು "ನನಗೇನೂ ಆಗಿಲ್ಲ" ಎಂದೇ ಹೇಳುತ್ತಾನೆ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಗೀರು ಕಾಣದಿದ್ದರೂ, ಮತ್ತೆ ಹಾಕಬಾರದು ಎನ್ನುತ್ತಾರೆ, ಒಳಪದರ ಜಜ್ಜಿರುತ್ತದೆಂದು. ಹೆಲ್ಮೆಟ್ಟಿಗೆ ತೋರಿಸುವ ಈ ವಿವೇಕವನ್ನು ಅದರೊಳಗಿನ ತಲೆಗೆ ತೋರಿಸಲು ಇಷ್ಟು ವರ್ಷ ಬೇಕಾಯಿತು.

ಕೂಡಲೇ ಹತ್ತುವವರು ಬಹಳ ಸಲ ಹತ್ತುವುದು ಕುದುರೆಗಾಗಿ ಅಲ್ಲ, ಬೇಲಿಯಾಚೆ ನಿಂತು ನೋಡುವವರಿಗಾಗಿ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದ ಜಟ್ಟಿಯ ಸಾಲಿಗೆ ಸೇರಿದವರು ಇವರು. ನೋಡುವವರನ್ನು ನಂಬಿಸಬಹುದು. ಆದರೆ ಕುದುರೆ ನೋಡುವವರ ಸಾಲಿನಲ್ಲಿಲ್ಲ, ತೊಡೆಯ ಕೆಳಗಿದೆ. ಅದಕ್ಕೆ ಮೀಸೆಯ ಮಣ್ಣೂ ಗೊತ್ತು, ಎದೆಯ ಬಡಿತವೂ ಗೊತ್ತು.

ಹೆದರಿದ ಸವಾರನ ಮೈಯನ್ನು ಹತ್ತಿರದಿಂದ ನೋಡಬೇಕು. ಮೊದಲು ಉಸಿರು ನಿಲ್ಲುತ್ತದೆ. ಭುಜ ಕಿವಿಯತ್ತ ಏರುತ್ತದೆ, ಬೆನ್ನು ಬಾಗಿ ಮೈ ಮುಂದಕ್ಕೆ ಮುದುಡುತ್ತದೆ. ಮಂಡಿಗಳು ಜೀನನ್ನು ಕಚ್ಚಿ ಹಿಡಿಯುತ್ತವೆ. ಹಿಡಿದಷ್ಟೂ ಹಿಮ್ಮಡಿ ಮೇಲೇಳುತ್ತದೆ, ರಿಕಾಪಿನಲ್ಲಿ ಪಾದ ಸಡಿಲವಾಗುತ್ತದೆ. ಕೈಗಳು ಲಗಾಮನ್ನು ಎಳೆಯುತ್ತವೆ. ಈಗ ಕುದುರೆಯ ಕಡೆಯಿಂದ ನೋಡಿ: ಪಕ್ಕೆ ಒತ್ತಿದರೆ "ನಡೆ" ಎಂದು ಅದಕ್ಕೆ ಕಲಿಸಿದ್ದೇವೆ, ಲಗಾಮು ಎಳೆದರೆ "ನಿಲ್ಲು" ಎಂದು. ಎರಡನ್ನೂ ಒಟ್ಟಿಗೆ ಕೂಗಿ ಹೇಳುತ್ತಿರುವ ಈ ಮನುಷ್ಯನಿಗೆ ಏನಾಗಿದೆ? ಎಲ್ಲೋ ಹುಲಿ ಕಂಡಿರಬೇಕು. ಹೀಗೆ ಹಿಂದಿನ ಬೀಳುವಿಕೆಯಿಂದ ತಪ್ಪಿಸಿಕೊಳ್ಳಲು ಮೈ ಮಾಡುವ ಪ್ರತಿಯೊಂದು ಏರ್ಪಾಡೂ ಮುಂದಿನದಕ್ಕೆ ದಾರಿ ಮಾಡಿಕೊಡುತ್ತದೆ. ಗಟ್ಟಿಯಾಗಿ ಕೂತವನಿಗಿಂತ ಸಡಿಲವಾಗಿ ಕೂತವನು ಜೀನಿನ ಮೇಲೆ ಹೆಚ್ಚು ಭದ್ರ ಎಂಬುದು ಸವಾರಿಯ ಮೊದಲ ಪಾಠ. ಬಿದ್ದ ಮೇಲೆ ಅತ್ಯಂತ ಕಷ್ಟದ ಪಾಠವೂ ಅದೇ.

ಕುದುರೆಗೆ ನಿಜವಾಗಿಯೂ ಸವಾರನ ಭಯ ತಿಳಿಯುತ್ತದೆಯೇ ಎಂಬುದನ್ನು ಸ್ವೀಡನ್ನಿನ ಸಂಶೋಧಕರು ಸೊಗಸಾಗಿ ಪರೀಕ್ಷಿಸಿದರು. ಅದು ಪ್ರಕಟವಾದದ್ದು 2009ರಲ್ಲಿ. ಜನರು ಕುದುರೆಯನ್ನು ನಡೆಸಿಕೊಂಡೋ ಹತ್ತಿಕೊಂಡೋ ಒಂದು ತುದಿಯಿಂದ ಇನ್ನೊಂದಕ್ಕೆ ನಾಲ್ಕು ಸಲ ಹೋಗಬೇಕಿತ್ತು. ನಾಲ್ಕನೆಯ ಸಲಕ್ಕೆ ಮುಂಚೆ, ಈಗ ಕುದುರೆ ಹಾದುಹೋಗುವಾಗ ಪಕ್ಕದಲ್ಲೊಂದು ಕೊಡೆ ಬಿಚ್ಚುತ್ತೇವೆ ಎಂದು ಅವರಿಗೆ ಹೇಳಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಜೊತೆಗೆ ಕುದುರೆಗಳದ್ದೂ. ಬಿಚ್ಚದ ಕೊಡೆಗೆ ಹೆದರಿದವನು ಮನುಷ್ಯ. ಮನುಷ್ಯನ ಹೆದರಿಕೆಗೆ ಹೆದರಿದ್ದು ಕುದುರೆ.

ಹಾಗಾದರೆ ಆತ್ಮವಿಶ್ವಾಸ ಎಂದು ನಾವು ಕರೆಯುವುದು ಯಾರ ಸೊತ್ತು? ಭಯವನ್ನು ಒಳಗೆ ಅದುಮಿಟ್ಟುಕೊಂಡು ಹೊರಗೆ ಧೈರ್ಯ ತೋರುವುದು ಎಷ್ಟೋ ಕಡೆ ನಡೆಯುತ್ತದೆ: ಕಚೇರಿಯಲ್ಲಿ, ಸಭೆಯಲ್ಲಿ, ಬೀಗರ ಮನೆಯಲ್ಲಿ. ಇಲ್ಲಿ ನಡೆಯುವುದಿಲ್ಲ. ಇಲ್ಲಿ ಆತ್ಮವಿಶ್ವಾಸ ಸವಾರನ ಎದೆಯೊಳಗಿನ ಗಂಟಲ್ಲ. ಎರಡು ಜೀವಗಳ ನಡುವೆ, ಜೀನಿನ ಆಚೀಚೆ ಓಡಾಡುವಂಥದ್ದು. ಒಬ್ಬರದ್ದು ಕುಸಿದರೆ ಇಬ್ಬರದ್ದೂ ಕುಸಿಯಿತು. ಸರಿಪಡಿಸುವುದಿದ್ದರೆ ಇಬ್ಬರದ್ದನ್ನೂ ಸರಿಪಡಿಸಬೇಕು.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ದಂಡನಾಯಕ ಕ್ಸೆನೊಫೋನ್‌ಗೆ ಇದು ಗೊತ್ತಿತ್ತು. ಕುದುರೆ ಸವಾರಿಯ ಬಗ್ಗೆ ಅವನು ಬರೆದ ಪುಸ್ತಕ ಇಂದಿಗೂ ಉಳಿದಿದೆ. ಬೆದರಿದ ಕುದುರೆಯನ್ನು ಹೊಡೆದು ಮುನ್ನುಗ್ಗಿಸಬೇಡಿ ಎನ್ನುತ್ತಾನೆ. ಹೊಡೆದರೆ ನೋವಿಗೂ ಆ ವಸ್ತುವೇ ಕಾರಣವೆಂದು ಕುದುರೆ ತಿಳಿಯುತ್ತದೆ, ಭಯ ಇಮ್ಮಡಿಯಾಗುತ್ತದೆ. ಮೆಲ್ಲಗೆ ಹತ್ತಿರ ಕರೆದೊಯ್ದು, ಇದರಲ್ಲಿ ಹೆದರುವಂಥದ್ದೇನೂ ಇಲ್ಲ ಎಂದು ಅದಕ್ಕೇ ತಿಳಿಯಬಿಡಬೇಕು. ಎರಡು ಸಾವಿರ ವರ್ಷಗಳ ಹಿಂದೆಯೇ ಕುದುರೆಗೆ ಸಿಕ್ಕ ಈ ದಯೆ, ಬಿದ್ದ ಸವಾರನಿಗೆ ಮಾತ್ರ ಇನ್ನೂ ಪೂರ್ತಿ ಸಿಕ್ಕಿಲ್ಲ. ಅವನನ್ನು ಈಗಲೂ ಮಾತಿನ ಚಾವಟಿಯಲ್ಲಿ ಹೊಡೆದೇ ಹತ್ತಿಸುತ್ತೇವೆ.

ಬೆಂಗಳೂರಿನ ಹೊರವಲಯದ ಒಂದು ಸವಾರಿ ಶಾಲೆಯಲ್ಲಿ ಬೇರೆ ರೀತಿ ನೋಡಿದೆ. ಬ್ಯಾಂಕಿನ ಅಧಿಕಾರಿಣಿಯೊಬ್ಬರು, ನಲವತ್ತು ದಾಟಿದವರು, ಮಳೆಗಾಲದಲ್ಲಿ ಬಿದ್ದಿದ್ದರು. ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲಕ್ಕೆ ಕುದುರೆ ಪಕ್ಕಕ್ಕೆ ಚಿಮ್ಮಿತ್ತು. ಮಣಿಕಟ್ಟಿನ ಮೂಳೆ ಕೂಡಿಕೊಂಡು ವಾಪಸು ಬಂದಾಗ, ಅಶ್ವದಳದಿಂದ ನಿವೃತ್ತರಾದ ಮೇಷ್ಟ್ರು ಅವರ ಕೈಗೆ ಲಗಾಮು ಕೊಡಲಿಲ್ಲ, ಬ್ರಷ್ ಕೊಟ್ಟರು. "ಇವತ್ತು ಹತ್ತೋದು ಬೇಡ ಮೇಡಂ. ಮೈ ಉಜ್ಜಿ." ಅದೇ ಹೆಣ್ಣು ಕುದುರೆ. ಮೇಡಂ ಮಾತು ಮಾತಿಗೂ "ಇದು ನನ್ನನ್ನ ಬೀಳಿಸ್ತು" ಎನ್ನುತ್ತಿದ್ದರು. ಮೇಷ್ಟ್ರು ಒಮ್ಮೆಯೂ ತಿದ್ದಲಿಲ್ಲ. ಕುತ್ತಿಗೆಯಿಂದ ಶುರುಮಾಡಿ, ಭುಜ, ಪಕ್ಕೆ, ಹೊಟ್ಟೆಯ ಅಡಿ. ಬ್ರಷ್ ಹೋದಲ್ಲೆಲ್ಲ ಕುದುರೆಯ ಚರ್ಮ ಸಣ್ಣಗೆ ಅದುರುತ್ತಿತ್ತು. ನೊಣ ಕೂತರೂ ತಿಳಿಯುವ ಚರ್ಮವದು. ಸುಮಾರು ಐನೂರು ಕಿಲೋ ತೂಗುವ ಈ ಪ್ರಾಣಿ ಬೇಟೆಯಾಡುವುದಲ್ಲ, ಬೇಟೆಗೆ ಸಿಕ್ಕುವುದು. ತಲೆಯ ಎರಡು ಪಕ್ಕದಲ್ಲಿ ಕಣ್ಣಿಟ್ಟುಕೊಂಡು ಬಹುತೇಕ ಸುತ್ತಲೂ ನೋಡುತ್ತ, ಮೊದಲು ಓಡಿ ಆಮೇಲೆ ಯೋಚಿಸುತ್ತ ಬದುಕಿಕೊಂಡು ಬಂದದ್ದು. ಬೆನ್ನ ಮೇಲಿದ್ದವರನ್ನು ಬೀಳಿಸುವ ಸಂಚು ಅದರ ತಲೆಯಲ್ಲಿ ಇರಲಿಲ್ಲ. ಉಜ್ಜುತ್ತ ಉಜ್ಜುತ್ತ ಮೇಡಂ ಆ ಮಾತನ್ನು ತಾವಾಗಿಯೇ ಬಿಟ್ಟರು. ಯಾವ ದಿನ ಬಿಟ್ಟರೆಂದು ಅವರಿಗೂ ನೆನಪಿಲ್ಲ.

ಆಮೇಲೆ ಹತ್ತಿದರು, ಆದರೆ ಉದ್ದ ಹಗ್ಗದ ಇನ್ನೊಂದು ತುದಿ ಮೇಷ್ಟ್ರ ಕೈಯಲ್ಲಿ. ಕುದುರೆ ಅವರ ಸುತ್ತ ವೃತ್ತವಾಗಿ ನಡೆಯುತ್ತದೆ, ಸವಾರಳಿಗೆ ಕೂರುವುದೊಂದೇ ಕೆಲಸ.

"ಹಾಡಿ ಮೇಡಂ."

"ಹಾಡೋಕೆ ಬರಲ್ಲ ಸರ್."

"ಕುದುರೆಗೂ ಬರಲ್ಲ. ಹಾಡಿ."

ಹಾಡುವವರು ಉಸಿರು ಬಿಗಿಹಿಡಿಯಲಾರರು, ಅಷ್ಟೇ ಅದರ ಗುಟ್ಟು. ಹಳೆಯ ಚಿತ್ರಗೀತೆಯೊಂದು ಅಪಸ್ವರದಲ್ಲಿ ಎರಡು ಸುತ್ತು ಬರುವಷ್ಟರಲ್ಲಿ ಭುಜ ಇಳಿದಿತ್ತು, ಹಿಮ್ಮಡಿಯೂ ಇಳಿದಿತ್ತು. ಕುದುರೆ ತಲೆ ತಗ್ಗಿಸಿ ಮೂಗಿನಿಂದ ದೊಡ್ಡದಾಗಿ ಉಸಿರುಬಿಟ್ಟಿತು.

ಒಂದು ಬೆಳಿಗ್ಗೆ ಛಾವಣಿಯಿಂದ ಪಾರಿವಾಳಗಳು ಪಟಪಟನೆ ಎದ್ದವು. ಕುದುರೆ ಮತ್ತೆ ಪಕ್ಕಕ್ಕೆ ಸಿಡಿಯಿತು. ಮೇಡಂ ಜೂಲು ಹಿಡಿದುಕೊಂಡರು, ಓಲಾಡಿದರು, ಬೀಳಲಿಲ್ಲ. ತಿಂಗಳುಗಟ್ಟಲೆಯ ಧೈರ್ಯದ ಮಾತು ಮಾಡದ ಕೆಲಸವನ್ನು ಆ ಒಂದು ಗಳಿಗೆ ಮಾಡಿತು. ಬೆದರದ ಕುದುರೆಯ ಮೇಲೆ ನೂರು ಸಲ ಕೂತರೂ ಆ ಧೈರ್ಯ ಬರುತ್ತಿರಲಿಲ್ಲ. ಹಾಗೆಂದು ಹಳೆಯ ಭಯ ಅಳಿಸಿಹೋಗುವುದಿಲ್ಲ. ಅದರ ಪಕ್ಕದಲ್ಲಿ ಹೊಸದೊಂದು ಪಾಠ ಬಂದು ಕೂರುತ್ತದೆ ಎನ್ನುತ್ತದೆ ಮನಶ್ಶಾಸ್ತ್ರ. ಜಾಗ ಬದಲಾದರೆ, ಬಹಳ ದಿನ ಬಿಟ್ಟರೆ, ಹಳೆಯದು ಮತ್ತೆ ತಲೆಯೆತ್ತಬಹುದು.

ಮೇಡಂ ಹಾಗೆ ಇನ್ನೊಬ್ಬರ ಆಸರೆಯಲ್ಲಿ ಮತ್ತೆ ಹತ್ತಿದವರು ಒಲಿಂಪಿಕ್ಸ್‌ನಲ್ಲೂ ಇದ್ದಾರೆ. ಲಿಸ್ ಹಾರ್ಟೆಲ್ ಎಂಬ ಡೆನ್ಮಾರ್ಕಿನ ಹೆಣ್ಣುಮಗಳಿಗೆ 1944ರಲ್ಲಿ, 23ನೆಯ ವಯಸ್ಸಿನಲ್ಲಿ, ಹೊಟ್ಟೆಯಲ್ಲಿ ಮಗುವಿದ್ದಾಗ ಪೋಲಿಯೊ ಬಡಿಯಿತು. ಅದಕ್ಕೂ ಮೊದಲೇ ಅವರು ಒಳ್ಳೆಯ ಸವಾರಳು. ತೋಳು, ತೊಡೆಗಳಿಗೆ ನಿಧಾನವಾಗಿ ಬಲ ಬಂತು. ಮಂಡಿಯಿಂದ ಕೆಳಗೆ ಬರಲೇ ಇಲ್ಲ. ತೆವಳುವುದು, ಊರುಗೋಲು, ಆಮೇಲೆ ಜೂಬಿಲಿ ಎಂಬ ಕುದುರೆ. ಹತ್ತುವುದಕ್ಕೂ ಇಳಿಯುವುದಕ್ಕೂ ಇನ್ನೊಬ್ಬರ ಕೈ ಬೇಕು. ಅವರು ಆರಿಸಿಕೊಂಡದ್ದು ಡ್ರೆಸಾಜ್. ಮೀನಖಂಡದ ಸಣ್ಣ ಒತ್ತಡಗಳಿಂದಲೇ ಕುದುರೆಯನ್ನು ನಡೆಸಬೇಕಾದ ಸ್ಪರ್ಧೆ. ಅವರು ಬೆನ್ನಿನಿಂದ, ಮೈಭಾರದಿಂದ ಮಾತಾಡಲು ಕಲಿತರು. ಜೂಬಿಲಿ ಆ ಭಾಷೆ ಕೇಳಲು ಕಲಿಯಿತು. ಆ ಕಾಲದ ಒಲಿಂಪಿಕ್ಸ್ ಸವಾರಿ ಸೇನಾಧಿಕಾರಿಗಳ ಮಠ. 1948ರಲ್ಲಿ ಸ್ವೀಡನ್ ತಂಡ ಗೆದ್ದ ಡ್ರೆಸಾಜ್ ಚಿನ್ನವನ್ನು, ತಂಡದಲ್ಲೊಬ್ಬ ಅಧಿಕಾರಿಯಲ್ಲ, ಬರೀ ಸಾರ್ಜೆಂಟ್ ಎಂದು ಆಮೇಲೆ ಕಿತ್ತುಕೊಂಡಿದ್ದರು! 1952ರ ಹೆಲ್ಸಿಂಕಿಯಲ್ಲಿ ಬಾಗಿಲು ತೆರೆಯಿತು, ಹೆಂಗಸರಿಗೂ ಡ್ರೆಸಾಜ್‌ನಲ್ಲಿ ಪ್ರವೇಶ ಸಿಕ್ಕಿತು. ಹಾರ್ಟೆಲ್ ಗಂಡಸರೊಂದಿಗೆ ಸ್ಪರ್ಧಿಸಿ ಬೆಳ್ಳಿ ಗೆದ್ದರು. ಪದಕದ ಮೆಟ್ಟಿಲೇರಲು ನೆರವಾದವರು ಚಿನ್ನ ಗೆದ್ದ ಹೆನ್ರಿ ಸಾಂ ಸೀರ್. 1956ರಲ್ಲಿ, ಅದೇ ಜೂಬಿಲಿಯ ಮೇಲೆ, ಇನ್ನೊಂದು ಬೆಳ್ಳಿ. ಇನ್ನೊಬ್ಬರ ಕೈ ಹಿಡಿದು ಹತ್ತಿದವರ ಆತ್ಮವಿಶ್ವಾಸ ಅರೆಪಾವು ಕಡಿಮೆ ಎಂದು ಯಾರು ಹೇಳಿಯಾರು?

ಹತ್ತದವರ ಬಗ್ಗೆಯೂ ಒಂದು ಮಾತು. 1995ರ ಮೇ ತಿಂಗಳಲ್ಲಿ ಸೂಪರ್‌ಮ್ಯಾನ್ ಪಾತ್ರದ ನಟ ಕ್ರಿಸ್ಟೋಫರ್ ರೀವ್, ಬೇಲಿಯ ಮುಂದೆ ಕುದುರೆ ತಟ್ಟನೆ ನಿಂತದ್ದರಿಂದ ತಲೆಕೆಳಗಾಗಿ ಬಿದ್ದು ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಅವರು ಹೊಸಬರಲ್ಲ, ಹೆಲ್ಮೆಟ್ ಇಲ್ಲದೆ ಹತ್ತಿದವರೂ ಅಲ್ಲ. ಭಯ ಹೇಳುವುದೆಲ್ಲ ಸುಳ್ಳಲ್ಲ. ಅದರ ಮಾತು ಕೇಳಿ, ಲೆಕ್ಕ ಹಾಕಿ, ಇನ್ನು ಸಾಕೆಂದು ಹೆಲ್ಮೆಟ್ ಇಳಿಸಿಟ್ಟವರನ್ನು ಹೇಡಿಗಳೆನ್ನಲು ನಮಗೇನು ಹಕ್ಕು? ನಮ್ಮ ಊರೂರಿನ ವೀರಗಲ್ಲುಗಳಲ್ಲಿ ಕುದುರೆಯೇರಿ ಹೋರಾಡಿ ಮಡಿದವರಿದ್ದಾರೆ. ಬಿದ್ದು, ಎದ್ದು, ಕುದುರೆಯನ್ನು ಲಾಯದಲ್ಲಿ ಕಟ್ಟಿ ಊಟಕ್ಕೆ ಮನೆಗೆ ಹೋದವನಿಗೆ ಕಲ್ಲು ನೆಟ್ಟದ್ದನ್ನು ನಾನಂತೂ ಕಂಡಿಲ್ಲ. ಅವನೂ ಬದುಕಿ ಮಕ್ಕಳಿಗೆ ಸವಾರಿ ಕಲಿಸಿರಬಹುದು.

ಬ್ಯಾಂಕಿನ ಮೇಡಂ ಈಗ ಹಗ್ಗವಿಲ್ಲದೆ ಕುಕ್ಕುಲೋಟದಲ್ಲಿ ಅಂಗಳ ಸುತ್ತುತ್ತಾರೆ. ನಾಗಾಲೋಟ ಬೇಡ ಎಂದಿದ್ದಾರೆ, ಮೇಷ್ಟ್ರು ಒತ್ತಾಯಿಸಿಲ್ಲ. ಮೊನ್ನೆ ಜೊತೆಯ ಕಾಲೇಜು ಹುಡುಗನೊಬ್ಬ ಪಕ್ಕದಲ್ಲೇ ರಭಸವಾಗಿ ಹಾದುಹೋಗಿ, "ಏನ್ ಆಂಟಿ, ಇನ್ನೂ ಇಷ್ಟೇನಾ?" ಎಂದು ಕೂಗಿದ. ಅವರ ಕುದುರೆಯ ಕಿವಿ ಅತ್ತ ತಿರುಗಿತು. ಅವರು ಅದರ ಕುತ್ತಿಗೆ ತಟ್ಟಿ, ಅವನ ಕಡೆ ನೋಡದೆಯೇ ಹೇಳಿದರು: "ನೀನು ಹೋಗಪ್ಪ. ನಂಗೆ ಬೇಕು ಅನ್ಸಿದ್ ದಿನ ನಾನೇ ಕೇಳ್ತೀನಿ."